ಅಗಲ ಮಾಡಿದರೆ ಸಾಲದು

ಘಟಪ್ರಭಾ ಕಾಲುವೆಯ ಹಳೆ ಸೇತುವೆಗಳನ್ನು ಅಗಲ ಮಾಡಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಎರಡು ಲೇನಿಗೆ 7.5 ಮೀಟರ್ ಬೇಕು, ಸರಿ. ಆದರೆ ನಮ್ಮ ಗೋಕಾಕ ಕಡೆ ನಿಜವಾದ ಕಾಟ ತಿರುವಿನದು. ಸೇತುವೆ ಗಿಡ್ಡದಾಗಲಿ ಅಂತ ಹಿಂದಿನವರು ಕಾಲುವೆಗೆ ನೇರ ಅಡ್ಡ ಕಟ್ಟಿದರು, ರಸ್ತೆ ಎರಡೂ ಕಡೆ ಗಕ್ಕನೆ ತಿರುಗುತ್ತದೆ. ಎತ್ತಿನ ಗಾಡಿಗೆ ಅದು ನಡೆಯಿತು. ಈಗ ಕಬ್ಬು ಹೇರಿದ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ದಿಬ್ಬ ಹತ್ತಿ ತಿರುಗುವಾಗ, ಹಿಂದಿನ ಟ್ರೇಲರ್ ತಡೆಗೋಡೆ ಸವರಿಕೊಂಡೇ ಹೋಗುತ್ತದೆ. ಕಲ್ಲು ಕಿತ್ತ ಜಾಗಕ್ಕೆ ಯಾರೋ ಮುಳ್ಳುಕಂಟಿ ಇಟ್ಟಿರ್ತಾರೆ, ಅದೇ ನಮ್ಮ ಸುರಕ್ಷತೆ! ಹಳೆಯದರ ಪಕ್ಕಕ್ಕೆ ಇನ್ನಷ್ಟು ಕಾಂಕ್ರೀಟ್ ಸೇರಿಸಿದರೆ ತಿರುವು ಹಾಗೇ ಉಳಿಯುತ್ತದೆ, ಗಾಡಿಗಳ ವೇಗ ಮಾತ್ರ ಜಾಸ್ತಿ ಆಗುತ್ತದೆ ಅಲ್ವಾ? ರಸ್ತೆ ಬರುವ ದಿಕ್ಕಿಗೇ ಓರೆಯಾಗಿ ಹೊಸದು ಕಟ್ಟಲಿ. ನಡುವೆ ಕಂಬ ಬೇಡ, ಕಸ ಸಿಕ್ಕಿಕೊಂಡು ನೀರು ಕಟ್ಟುತ್ತದೆ. ಕೆಲಸ ಶುರುವಾಗಬೇಕಾದ್ದು ಕಬ್ಬಿನ ಹಂಗಾಮು ಮುಗಿದ ಮೇಲೆ, ಕಾಲುವೆ ಬಂದ್ ಇರುವ ಬೇಸಿಗೆಯಲ್ಲಿ. ಮಳೆಗಾಲಕ್ಕೆ ಎಳೆದರೆ ಎರಿ ಮಣ್ಣಿನ ಡೈವರ್ಷನ್‌ನಲ್ಲಿ ಬಸ್ಸೂ ಹೋಗಲ್ಲ, ಆಂಬುಲೆನ್ಸೂ ಹೋಗಲ್ಲ.