ಅಂಜದವರು ಬರೆದ ಅಂಜಿಕೆಯ ಪಟ್ಟಿ

ಹುಬ್ಬಳ್ಳಿಯ ದಾಜಿಬಾನ ಪೇಟೆ ಕಡೆ ನಮ್ಮ ಪರಿಚಯದ ಸಾವಕಾರರೊಬ್ಬರ ಹಾರ್ಡ್‌ವೇರ್ ಅಂಗಡಿ ಇದೆ. ಅಂಗಡಿಯ ಹಿಂದೆ ಮನೆ, ಮನೆಯ ಮೇಲೆ ಮಾಳಿಗೆ ಖೋಲಿ. ಪಿವಿಸಿ ಪೈಪು, ಬಣ್ಣದ ಡಬ್ಬಿ, ಕಾಲು ಮುರಿದ ಸ್ಟೂಲುಗಳ ನಡುವೆ ಜಾಗ ಮಾಡಿಕೊಂಡು ಹೋದ ರವಿವಾರ ಸಂಜೆ ಅಲ್ಲಿ ಹನ್ನೊಂದು ಮಂದಿ ಗಂಡಸರು ಕೂತೆವು. ಕಳೆದ ದಶಕದ ಹತ್ತು ಅತ್ಯುತ್ತಮ ಹಾರರ್ ಸಿನಿಮಾಗಳ ಪಟ್ಟಿ ಮಾಡುವುದು ನಮ್ಮ ಕೆಲಸ. ಮಾಡಿರಿ ಎಂದು ಯಾರೂ ಹೇಳಿರಲಿಲ್ಲ. ಮಾಡದಿದ್ದರೆ ಯಾರೂ ಅಳುತ್ತಲೂ ಇರಲಿಲ್ಲ.

ಧಾರವಾಡದಿಂದ ನಾಲ್ಕು ಮಂದಿ ಬಂದದ್ದರಿಂದ ಸಭೆಗೊಂದು ಶಿಸ್ತು ಬಂತು. ಅಂದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ‘ಎರಡೇ ಮಾತು’ ಎಲ್ಲ ಸೇರಿ ಒಂದೂವರೆ ತಾಸು ಹೋಯಿತು. ದೆವ್ವದ ಸಿನಿಮಾದ ಸಭೆಗೆ ಯಾವ ದೇವರ ಹಾಡು ಹಾಡಬೇಕು ಎಂಬ ಚರ್ಚೆ ನಡೆದು, ಹನುಮಂತನದೇ ಇರಲಿ ಎಂದು ಒಮ್ಮತದಿಂದ ಠರಾವಾಯಿತು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಮೊದಲ ಜಗಳ ಸಿನಿಮಾದ್ದಲ್ಲ, ಲೆಕ್ಕದ್ದು. ದಶಕ ಅಂದರೆ 2010ರಿಂದ 2019ರ ತನಕವೋ, 2011ರಿಂದ 2020ರ ತನಕವೋ? ನಿವೃತ್ತ ಗಣಿತ ಮಾಸ್ತರರು ಎದ್ದು ನಿಂತು, ಕ್ರಿಸ್ತಶಕದಲ್ಲಿ ಸೊನ್ನೆ ಎಂಬ ವರ್ಷವೇ ಇಲ್ಲ, ಎಣಿಕೆ ಒಂದರಿಂದ ಶುರು, ಹಾಗಾಗಿ 2010 ಹಿಂದಿನ ದಶಕದ ಪಾಲು ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ 2010ರ ಫೆಬ್ರವರಿಯಲ್ಲಿ ‘ಆಪ್ತರಕ್ಷಕ’ ಬಂದಿದೆ. ವಿಷ್ಣುವರ್ಧನ್ ತೀರಿಕೊಂಡ ಮೇಲೆ ತೆರೆಗೆ ಬಂದ ಚಿತ್ರ, ಅವರ 200ನೆಯದು. ಅದನ್ನು ದಶಕದಿಂದ ಹೊರಗಿಡುತ್ತೇನೆ ಎಂದು ಹುಬ್ಬಳ್ಳಿಯಲ್ಲಿ ಕೂತು ಹೇಳುವುದಕ್ಕೆ ಗಣಿತ ಸಾಲದು, ಹೆಲ್ಮೆಟ್ ಬೇಕು.

“ಮಾಸ್ತರ್ರ, ಸಾಹಸಸಿಂಹನ್ನ ಹೊರಗ ನಿಲ್ಲಿಸಿ ದಶಕ ಹೆಂಗ ಚಾಲೂ ಮಾಡ್ತೀರಿ?”

“ನಾ ಎಲ್ಲಿ ನಿಲ್ಲಿಸೇನಪಾ? ಕ್ಯಾಲೆಂಡರ್ ನಿಲ್ಲಿಸ್ಯದ.”

ಬ್ಯಾಂಕಿನಲ್ಲಿರುವವರು ಏಪ್ರಿಲ್‌ನಿಂದ ಮಾರ್ಚ್ ಹಿಡಿಯೋಣ ಅಂದರು. ಸಾವಕಾರರು, ನಮ್ಮ ಖಾತೆಪುಸ್ತಕ ದೀಪಾವಳಿ ಪಾಡ್ಯಕ್ಕೆ ತೆರೀತೈತಿ, ವರ್ಷ ಅಂದ್ರ ಅದ ವರ್ಷ ಅಂದರು. ಕೊನೆಗೆ ರಾಣೆಬೆನ್ನೂರಿನಿಂದ ಬಂದಿದ್ದ ಗೆಳೆಯ, “6-5=2 ಅಂತ ಹೆಸರಿಟ್ಟ ಸಿನಿಮಾನ ಪಟ್ಟಿಯೊಳಗ ತಗೊಳ್ಳೂ ಮಂದಿ ನೀವು, ಲೆಕ್ಕಾ ಯಾಕ ಹಿಡಕೊಂಡ ಕುಂತೀರಿ?” ಎಂದು ಕೇಳಿದ. 2013ರ ಕನ್ನಡ ಚಿತ್ರ ಅದು; ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಎಂಬ ಸೋಗಿನಲ್ಲಿ ಕತೆ ಹೇಳುತ್ತದೆ. ಅವನ ಮಾತಿಗೆ ಯಾರ ಬಳಿಯೂ ಉತ್ತರ ಇರಲಿಲ್ಲ. 2010ರಿಂದ 2020, ಎರಡೂ ಸೇರಿ, ಹನ್ನೊಂದು ವರ್ಷದ ದಶಕ ಎಂದು ಬರೆದುಕೊಂಡೆವು. ಮಾಸ್ತರರು ಭಿನ್ನಮತ ದಾಖಲಿಸಿದರು.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇಪ್ಪತ್ತು ಕಿಲೋಮೀಟರು. ಅಂಜಿಕೆಯ ವಿಷಯದಲ್ಲಿ ಆ ಅಂತರ ಇನ್ನೂ ಜಾಸ್ತಿ. ಹುಬ್ಬಳ್ಳಿಯವರಿಗೆ ದೆವ್ವ ಹೇಳಿದ ಟೈಮಿಗೆ ಬರಬೇಕು, ಬಂದಮೇಲೆ ಸಪ್ಪಳ ಮಾಡಬೇಕು, ಕೊಟ್ಟ ರೊಕ್ಕ ತೀರಿಸಿ ಹೋಗಬೇಕು. ಅವರ ಪಾಲಿಗೆ 2013ರ ‘ದಿ ಕಾಂಜ್ಯೂರಿಂಗ್’ ಅಂದರೆ ನಿಯತ್ತಿನ ವ್ಯಾಪಾರ. ಧಾರವಾಡದವರಿಗೆ ದೆವ್ವ ಬರಲೇಬಾರದು. ಬಂದರೆ ಅದು ಅಗ್ಗದ ಮಾಲು. ಬರುತ್ತದೆ ಎಂಬ ವಾತಾವರಣವಷ್ಟೇ ಇರಬೇಕು, ಜಿಟಿಜಿಟಿ ಮಳೆಯ ಹಾಗೆ. ಅವರದು 2018ರ ‘ಹೆರಿಡಿಟರಿ’, ಅದಕ್ಕೂ ಹಿಂದಿನ ‘ದಿ ವಿಚ್’. ಈ ಜಾತಿಗೆ ಎಲಿವೇಟೆಡ್ ಹಾರರ್ ಅಂತಾರೆ ಎಂದು ಮಾಸ್ತರರು ತಿಳಿಸಿಕೊಟ್ಟರು.

“ಹಂಗಂದ್ರ? ಮಾಳಿಗಿ ಮ್ಯಾಲಿನ ದೆವ್ವೇನ್ರಿ?” ಎಂದರು ಸಾವಕಾರರು.

“ಹಂಗಲ್ರೀ. ಮ್ಯಾಲ್ಮಟ್ಟದ್ದು. ಅಂಜಿಕಿ ಇರ್ತದ, ಆದ್ರ ಕಾಣಸೂದಿಲ್ಲ.”

“ಕಾಣಸೂದಿಲ್ಲಂದ್ರ ಬಿಲ್ ಹೆಂಗ ಹಾಕೂದ್ರಿ?”

‘ದಿ ವಿಚ್’ 1630ರ ಸುಮಾರಿನ ಅಮೆರಿಕದ ಕತೆ. ಕಾಡಂಚಿನಲ್ಲಿ ಒಂಟಿ ಕುಟುಂಬ, ಅವರ ಮನೆಯಲ್ಲೊಂದು ಕರಿ ಹೋತ. ರಾಣೆಬೆನ್ನೂರಿನವನು ಇಡೀ ಸಿನಿಮಾ ಆ ಹೋತ ಎಷ್ಟು ಕಿಲೋ ತೂಗಬಹುದು ಎಂದೇ ನೋಡಿದನಂತೆ. 2018ರ ‘ತುಂಬಾಡ್’ ಬಂದಾಗ, ಮಹಾರಾಷ್ಟ್ರದ್ದು, ಗಡಿ ತಂಟೆ ಮುಗಿಯೂತನಾ ನಂಬರ್ ಕೊಡಬ್ಯಾಡ್ರಿ ಎಂದು ಒಬ್ಬರು ತಕರಾರು ಎತ್ತಿದರು. ಸಾವಕಾರರಿಗೆ ಮಾತ್ರ ಆ ಚಿತ್ರದ ಮೇಲೆ ಅಪಾರ ಗೌರವ. ಅದರ ನಾಯಕ ಹಿಟ್ಟಿನ ಗೊಂಬೆ ಹಿಡಿದು ಇಳಿಯುತ್ತಾನೆ, ಹಸಿದ ಭೂತ ಗೊಂಬೆಗೆ ಬಾಯಿ ಹಾಕುವಷ್ಟರಲ್ಲಿ ಅದರ ಲಂಗೋಟಿಯಿಂದ ಬಂಗಾರದ ನಾಣ್ಯ ಬಾಚಿಕೊಂಡು ಏರಿ ಬರುತ್ತಾನೆ. “ಬಂಡವಾಳ ಒಂದ ಗೊಂಬಿ ಹಿಟ್ಟು. ಲಾಭ ನೋಡ್ರಿ!” ಎಂದು ಅವರು ಲೆಕ್ಕ ಬಿಡಿಸತೊಡಗಿದರು. ಮೊದಲು ಬಂದಾಗ ಅಷ್ಟಕ್ಕಷ್ಟೇ ಓಡಿ, 2024ರಲ್ಲಿ ಮತ್ತೆ ಬಿಟ್ಟಾಗ ಮೊದಲಿಗಿಂತ ಹೆಚ್ಚು ಗಳಿಸಿತು ಎಂದು ಕೇಳಿದ ಮೇಲಂತೂ ಅದಕ್ಕೆ ಎರಡು ಓಟು ಹಾಕುತ್ತೇನೆಂದು ಹಟ ಹಿಡಿದರು.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಬಗ್ಗೆ ಇಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ. ಬೆಂಗಳೂರಿನ ಫ್ಲೈಓವರ್ ಮೇಲೆ ಡಿವೈಡರಿನ ಕಲ್ಲು ಸರಿಸಿ ಗಾಡಿ ತಿರುಗಿಸಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿಗೆಂದೇ ಪ್ರತ್ಯೇಕ ದಾರಿ ಇರುವ ಬಿಆರ್‌ಟಿಎಸ್ ರಸ್ತೆ ಆದಾಗಿನಿಂದ ಎದುರಿಗಿನ ಅಂಗಡಿಗೆ ಹೋಗಲು ಮೈಲಿ ಸುತ್ತುವವರಿಗೆ ಇದನ್ನು ತೋರಿಸಿದರೆ ಅವರು ಯಾರ ಪಕ್ಷ ವಹಿಸುತ್ತಾರೆ ಹೇಳಿ. “ಕಲ್ಲು ಸರಿಸಿದ್ದಕ್ಕ ಸಾಯ್ಬೇಕಂದ್ರ ನವನಗರ ಇಷ್ಟೊತ್ತಿಗೆ ಖಾಲಿ ಆಗಿರ್ತಿತ್ತು,” ಎಂದು ಒಬ್ಬರು. ಸಪ್ಪಳ ಮಾಡಿದವರನ್ನೆಲ್ಲ ಕೊಲ್ಲುವ ಪ್ರಾಣಿಗಳ ‘ಎ ಕ್ವೈಟ್ ಪ್ಲೇಸ್’ ಕೂಡ ದುರ್ಗದಬೈಲ್ ಪೇಟೆ ನೋಡಿದವರಿಗೆ ನಂಬುವಂತೆ ಕಾಣಲಿಲ್ಲ. ಪ್ರಾಣಿಗಳೇ ಕಿವಿ ಮುಚ್ಚಿಕೊಂಡು ಓಡಬೇಕಾದೀತು.

ಇಷ್ಟೆಲ್ಲ ಕಚ್ಚಾಡಿದರೂ ಒಂದು ವಿಷಯದಲ್ಲಿ ಹನ್ನೊಂದೂ ಮಂದಿ ಒಂದೇ ಬಾಯಿ. ಯಾರು ಯಾವ ಸಿನಿಮಾ ಸೂಚಿಸಿದರೂ ಮೊದಲ ವಾಕ್ಯ ಇದೇ: “ನನಗೇನ್ ಅಂಜಿಕಿ ಬರಲಿಲ್ಲ ಬಿಡ್ರಿ, ಆದ್ರ...” ಆ ‘ಆದ್ರ’ದ ಆಚೆಗೆ ಕ್ಯಾಮೆರಾ, ಬಣ್ಣ, ಬೆಳಕು, ಸೌಂಡ್ ಡಿಸೈನ್, ಒಳ ಅರ್ಥ, ಆಸ್ಕರ್. (ಆಸ್ಕರ್ ಅಂದರೆ ‘ಗೆಟ್ ಔಟ್’, ಚಿತ್ರಕತೆಗೆ. ಅದನ್ನು ಮೂರು ಮಂದಿ ಮೂರು ಸಲ ಹೇಳಿದರು.) ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ರೇಟು ಕಟ್ಟುವುದು ಬಣ್ಣ ನೋಡಿ, ಅದಕ್ಕೆ ಖಾರ ಕಡಿಮೆ, ಕೆಂಪು ಜೋರು, ಅದು ಹೆಸರಾದದ್ದೇ ಆ ಕೆಂಪಿನಿಂದ. ನಾವೂ ಅಂಜಿಕೆಯನ್ನು ಬ್ಯಾಡಗಿ ಪದ್ಧತಿಯಲ್ಲೇ ತೂಗುತ್ತಿದ್ದೆವು.

ಖಾರ ತಾಗದಂತೆ ಎಲ್ಲರೂ ಮಾಡಿಕೊಂಡ ಮುಂಜಾಗ್ರತೆ ಆಮೇಲೆ ಒಂದೊಂದಾಗಿ ಹೊರಬಿತ್ತು. ಬ್ಯಾಂಕಿನವರು ‘ಹೆರಿಡಿಟರಿ’ ನೋಡಿದ್ದು ಚಿಗರಿ ಬಸ್ಸಿನಲ್ಲಿ, ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡದ ಜುಬಿಲಿ ಸರ್ಕಲ್ ತನಕ, ನಾಲ್ಕು ದಿನ ಕಂತಿನಲ್ಲಿ, ಮುಂಜಾನೆ ಹೊತ್ತು. ಇನ್ನೊಬ್ಬರು ಮೊದಲು ಕತೆ ಓದಿಕೊಂಡು, ಯಾವ ನಿಮಿಷಕ್ಕೆ ಏನು ಬರುತ್ತದೆ ಎಂದು ಚೀಟಿ ಬರೆದಿಟ್ಟುಕೊಂಡು ನೋಡುತ್ತಾರೆ. ಮಾಸ್ತರರು ಆವಾಜು ಪೂರ್ತಿ ಬಂದ್ ಮಾಡಿ ಅಡಿಬರಹ ಓದುತ್ತಾರೆ. ನಾನೂ ಸಾಚಾ ಅಲ್ಲ: ಮಗ್ಗುಲಲ್ಲಿ ಹೆಂಡತಿ ಕೂತು ಮೆಂತ್ಯ ಸೋಸುತ್ತಿರದಿದ್ದರೆ ನಾನು ಯಾವ ದೆವ್ವವನ್ನೂ ವಿಮರ್ಶಿಸಿದವನಲ್ಲ.

ಹಾಗಾದರೆ ಅಳೆಯುವುದು ಹೇಗೆ? 2020ರಲ್ಲಿ ಬ್ರಿಟನ್ನಿನ ಒಂದು ಕಂಪನಿ ಐವತ್ತು ಜನರಿಗೆ ಎದೆಬಡಿತ ಅಳೆಯುವ ಯಂತ್ರ ಕಟ್ಟಿ ಸಿನಿಮಾ ತೋರಿಸಿ, 2012ರ ‘ಸಿನಿಸ್ಟರ್’ ಎಲ್ಲಕ್ಕಿಂತ ಹೆಚ್ಚು ಅಂಜಿಸುತ್ತದೆ ಎಂದು ಸಾರಿತ್ತು. ಮೆಡಿಕಲ್ ಶಾಪಿನ ನಮ್ಮ ಗೆಳೆಯ ಅದನ್ನೇ ನೆಪ ಮಾಡಿ ಚೀಲದಿಂದ ಬಿಪಿ ಮಷೀನು ತೆಗೆದ. ಸಾವಕಾರರ ತೋಳಿಗೆ ಪಟ್ಟಿ ಸುತ್ತಿ, ಕಣ್ಣೆದುರು ಮೊಬೈಲು ಹಿಡಿದು, ‘ಸಿನಿಸ್ಟರ್’ನ ಅತಿ ಕೆಟ್ಟ ಜಾಗ ಹಚ್ಚಿದ. ಮಷೀನು ಗುರ್ರ್ ಎಂದು ಗಾಳಿ ತುಂಬಿಕೊಂಡು ಬಿಟ್ಟಿತು. 126ಕ್ಕೆ 82. ‘ಕಾಂಜ್ಯೂರಿಂಗ್’ನ ಚಪ್ಪಾಳೆಯ ದೃಶ್ಯ: 124ಕ್ಕೆ 80. ಸಾವಕಾರರು ಬೀಗಿದರು. ಆ ಹೊತ್ತಿಗೆ ಸರಿಯಾಗಿ ಮೂಲೆಯಿಂದ ಮಾಸ್ತರರು, “ಹಂಗಾದ್ರ ತುಂಬಾಡ್ ಎಂಟನೇದಕ್ಕ ಇಳಸೋಣಂತ,” ಅಂದರು. ಪಟ್ಟಿ ಇನ್ನೂ ತೋಳಿಗೇ ಇತ್ತು. 168ಕ್ಕೆ 104.

ಮಷೀನು ಕೆಟ್ಟಿದೆ ಎಂದು ಮಾಸ್ತರರ ತೋಳಿಗೆ ಸುತ್ತಿದರು. ‘ದಿ ವಿಚ್’ ಪಟ್ಟಿಯಲ್ಲೇ ಇಲ್ಲ ಎಂದು ಸಾವಕಾರರು ಸುಮ್ಮನೆ ಹೇಳಿದರು. ಮಷೀನು ಕೆಟ್ಟಿರಲಿಲ್ಲ.

ಅಷ್ಟರಲ್ಲಿ ಆಯಿ ಚಹಾ ತಂದರು. ಸಾವಕಾರರ ತಾಯಿ, ಎಂಬತ್ತು ದಾಟಿದೆ, ಆ ಕಡಿದಾದ ಮೆಟ್ಟಿಲನ್ನು ಒಂದೇ ಕೈಯಲ್ಲಿ ತಾಟು ಹಿಡಿದು ಹತ್ತುತ್ತಾರೆ. ಕಪ್ಪು ಹಂಚುತ್ತ ಕೇಳಿದರು:

“ಯಾವದು ಭಾಳ ಅಂಜಿಸ್ತಪಾ ನಿಮ್ಮನ್ನ?”

“ಯಾವದೂ ಇಲ್ಲ ಆಯಿ.”

“ಮತ್ತ ನಂಬರ್ ಯಾತಕ್ಕ ಕೊಡಾಕತ್ತೀರಿ?”

ಚಹಾ ಬಿಸಿ ಇತ್ತು ಎಂಬುದೊಂದು ಪುಣ್ಯ. ಎಲ್ಲರೂ ಊದುತ್ತ ಕೂತೆವು. ಆಯಿ ಮಗನ ಕಡೆ ಗದ್ದ ತೋರಿಸಿ, “ಈ ಧೀರ, ನಾಳೆ ಬಾ ಬಂದಾಗ ಬಚ್ಚಲಕ್ಕ ಹೋಗಾಕೂ ನನ್ನ ಕರೀತಿದ್ದ. ಆಗ ಇಂವಗ ಮೀಸಿ ಬಂದಿದ್ವು,” ಎಂದು ಇಳಿದು ಹೋದರು.

ಖೋಲಿಯ ಹವಾ ಬದಲಾಯಿತು. ತೊಂಬತ್ತರ ದಶಕದ ಆ ಸುದ್ದಿ ನಲವತ್ತು ದಾಟಿದ ಯಾವ ಕನ್ನಡಿಗನಿಗೆ ಗೊತ್ತಿಲ್ಲ? ರಾತ್ರಿ ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದರೆ ಮುಗಿಯಿತು. ಉಪಾಯ ಒಂದೇ, ಕದದ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ಬಂದ ದೆವ್ವ ಓದಿಕೊಂಡು ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ದೆವ್ವ. ಸರಕಾರಿ ಕಚೇರಿ ಅಲೆದವರಾರಾದರೂ ಸತ್ತು ದೆವ್ವವಾಗಿರಬೇಕು, ಇಲ್ಲದಿದ್ದರೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು. ಒಬ್ಬೊಬ್ಬರೇ ಬಾಯಿಬಿಟ್ಟರು. ನಮ್ಮನ್ಯಾಗ ಖಡೂಲೆ ಬರದಿದ್ವಿ. ನಮ್ಮಲ್ಲಿ ಇದ್ದಲೀಲೆ. ನಮ್ಮ ಕಾಕಾ ಹಿತ್ತಲ ಬಾಗಿಲಿಗೆ ಬರೆಯೋದು ಮರೆತು ನಡುರಾತ್ರಿ ಇಡೀ ಮನೆಯವರನ್ನು ಎಬ್ಬಿಸಿದ್ದ. ಮೂರು ತಾಸಿನ ಸಭೆಯಲ್ಲಿ ಜನ ದನಿ ತಗ್ಗಿಸಿ ಮಾತಾಡಿದ್ದು ಆ ಹತ್ತು ನಿಮಿಷ ಮಾತ್ರ. ಬಿಪಿ ಮಷೀನಿನ ನೆನಪು ಯಾರಿಗೂ ಬರಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಅದು ಸಿನಿಮಾ ಅಲ್ಲ, ನಮ್ಮ ದಶಕದ್ದೂ ಅಲ್ಲ, ಆದ್ದರಿಂದ ಪರಿಗಣಿಸಲು ಬರುವುದಿಲ್ಲ ಎಂದು ತೀರ್ಪಿತ್ತರು. ಅದೇ ನಮೂನೆಯ ಬರಹವನ್ನು ಗೋಡೆ ಮೇಲೆ ಹಚ್ಚಿ, ‘ನಾಳೆ ಬಾ’ಕ್ಕೆ ‘ಕಲ್ ಆನಾ’ ಎಂದು ಹಿಂದಿ ಕಲಿಸಿ ನೂರು ಕೋಟಿ ದಾಟಿದ 2018ರ ‘ಸ್ತ್ರೀ’ಗೆ ಒಂಬತ್ತನೆಯ ಸ್ಥಾನ ಸಿಕ್ಕಿತು.

ಪಟ್ಟಿ ಬರೆಯಲು ಸಾವಕಾರರೇ ಕೂತರು, ಬಿಲ್ ಬುಕ್ಕಿನ ಹಾಳೆಯ ಹಿಂಭಾಗದಲ್ಲಿ. ಅವರ ಅಕ್ಷರ ಮುತ್ತಲ್ಲ, ಆದರೆ ಗುರುತಿಗೆ ತಪ್ಪುವುದಿಲ್ಲ. ಮೊಳೆ ಒಂದು ಕಿಲೋ ಎಂದು ಬರೆದರೆ ಆ ‘ಳೆ’ಯ ಬಾಲ ಗಾಳದ ಹಾಗೆ ಬಾಗಿ ಕೆಳಗಿನ ಸಾಲಿನ ಕದಕೊಂಡಿಯನ್ನು ಹಿಡಿದಿರುತ್ತದೆ. ಹತ್ತರಿಂದ ಏರುತ್ತ ಎರಡನೆಯದು ಬರೆದಾಗಿತ್ತು. ಮೊದಲನೆಯದಕ್ಕೆ ಪೆನ್ನು ಊರಿದರು, ಕರೆಂಟು ಹೋಯಿತು.

ಯಾರೂ ಕೂಗಲಿಲ್ಲ, ಅದನ್ನು ಒಪ್ಪಬೇಕು. ಆದರೆ ಹನ್ನೊಂದು ಮಂದಿ ಆ ಮೆಟ್ಟಿಲನ್ನು ಅಷ್ಟು ಬೇಗ ಹೇಗೆ ಇಳಿದೆವು ಎಂಬುದು ಗಣಿತ ಮಾಸ್ತರರಿಗೂ ಬಿಡಿಸಲಾಗಿಲ್ಲ. ಕೆಳಗೆ ಬಂದು ನೋಡಿದರೆ ನನ್ನ ಒಂದು ಕಾಲಲ್ಲಿ ಅಧ್ಯಕ್ಷರ ಚಪ್ಪಲಿ. ಮೇಲೆ ಪೈಪೋ ಡಬ್ಬಿಯೋ ಏನೋ ಉರುಳಿದ ಸಪ್ಪಳ.

“ಪಟ್ಟಿ ಮ್ಯಾಲ ಉಳೀತಲ್ರೀ.”

“ಹೋಗಿ ತಗೊಂಬರ್ರಿ.”

“ನಂದೇನಿಲ್ಲ, ಮಣಕಾಲು ನೋಸ್ತಾವ.”

ರಾಣೆಬೆನ್ನೂರಿನವನಿಗೆ ಒಮ್ಮೆಲೇ ಕೊನೆಯ ಬಸ್ಸಿನ ನೆನಪಾಯಿತು. ಧಾರವಾಡದವರು ನಾಲ್ವರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟುಕೊಂಡು, ಸ್ನೇಹದಿಂದಲೇ ಎಂಬಂತೆ, ಚಿಗರಿ ಸ್ಟಾಪಿನ ಕಡೆ ನಡೆದರು. ಆಯಿ ಕತ್ತಲಲ್ಲೇ ಮೇಲೆ ಹೋಗಿ ಚಹಾದ ಕಪ್ಪು ತೊಳೆಯಲು ತಂದರು. ಕಾಗದ ತರಲು ಅವರಿಗೆ ಹೇಳುವ ಧೈರ್ಯವೂ ನಮಗಾಗಲಿಲ್ಲ.

ಮರುದಿನ ಮುಂಜಾನೆ ಬಿಸಿಲು ಏರಿದ ಮೇಲೆ, ಜೋಡಿಗೆ ಯಾರಾದರೂ ಬಂದರೆ ಪಟ್ಟಿ ತಂದುಬಿಡೋಣ ಎಂದು ಸಾವಕಾರರ ಮನೆಗೆ ಹೋದೆ. ಕದ ಇನ್ನೂ ಹಾಕಿತ್ತು. ಅದರ ಮೇಲೆ ಖಡುವಿನಲ್ಲಿ ಎರಡು ಶಬ್ದ ಬರೆದಿತ್ತು. ಚಿಲಕ ತೆಗೆದ ಸಾವಕಾರರು ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, ಧೋತರದ ಚುಂಗಿನಿಂದ ಕದ ಒರೆಸುತ್ತ, “ಮೊಮ್ಮಕ್ಕಳು ಬರದಾವ್ರಿ, ಹುಡುಗಾಟಕಿ,” ಅಂದರು.

ಮೊಮ್ಮಕ್ಕಳು ಓದುವುದು ಇಂಗ್ಲಿಷ್ ಮೀಡಿಯಂ. ಒರೆಸಿದರೂ ‘ಳೆ’ಯ ಬಾಲ ಇನ್ನೂ ಉಳಿದಿತ್ತು, ಗಾಳದ ಹಾಗೆ ಬಾಗಿ, ಚಿಲಕದ ಕೊಂಡಿಯ ತನಕ.