ಯಾರ ಮಗನಪ್ಪಾ ನೀನು?

ಹಾಲಿವುಡ್ಡಿನವರು ಹಳೇ ಸಿನಿಮಾ ಒಂದನ್ನೂ ಬಿಟ್ಟಿಲ್ಲ. ಎಲ್ಲವನ್ನೂ ತಂಗಳು ಬಿಸಿ ಮಾಡಿ ಬಡಿಸಿಯಾಗಿದೆ. ‘ಬ್ಯಾಕ್ ಟು ದಿ ಫ್ಯೂಚರ್’ ಮಾತ್ರ ಹೇಗೋ ಬಚಾವಾಗಿದೆ. ತಾನೂ ಜೊತೆಗೆ ಕಥೆ ಬರೆದ ಬಾಬ್ ಗೇಲೂ ಬದುಕಿರುವ ತನಕ ರೀಮೇಕಿನ ಮಾತೇ ಇಲ್ಲವೆಂದು ನಿರ್ದೇಶಕ ರಾಬರ್ಟ್ ಝೆಮೆಕಿಸ್ 2015ರಲ್ಲೇ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಇಬ್ಬರೂ ನೂರು ಕಾಲ ಬಾಳಲಿ. ಆದರೆ ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತವರನ್ನು ಯಾವ ಕಾಪಿರೈಟ್ ತಾನೇ ತಡೆದೀತು? ನಮ್ಮ ಗೆಳೆಯರ ಗುಂಪಿನಲ್ಲಿ ಆ ಸಿನಿಮಾ ಎಷ್ಟು ಸಲ ರೀಮೇಕ್ ಆಗಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಇಂಟರ್‌ವೆಲ್ಲಿಗೆ ಮುಂಚೆ ಅದೇ ಒಂದು ಜಾಗದಲ್ಲಿ ಬಂದು ಸಿಕ್ಕಿಹಾಕಿಕೊಳ್ಳುತ್ತದೆ.

ನೋಡದವರಿಗಾಗಿ ಕಥೆ ಇಷ್ಟು. 1985ರ ಅಮೆರಿಕದ ಒಂದು ಸಣ್ಣ ಊರು. ಮಾರ್ಟಿ ಅನ್ನುವ ಹುಡುಗ, ತಲೆ ಕೆದರಿದ ವಿಜ್ಞಾನಿ ಡಾಕ್ ಬ್ರೌನ್, ಅವನು ಕಾಲಯಂತ್ರ ಮಾಡಿಟ್ಟ ಕಾರು. ಗಂಟೆಗೆ 88 ಮೈಲಿ ವೇಗ ಮುಟ್ಟಿತೋ, ಕಾರು ಕಾಲ ದಾಟುತ್ತದೆ. ಹುಡುಗ 1955ಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ಅವನ ಅಪ್ಪ ಅಮ್ಮ ಇನ್ನೂ ಹೈಸ್ಕೂಲಿನಲ್ಲಿದ್ದಾರೆ. ಎಡವಟ್ಟಾಗಿ ಅಮ್ಮ ಇವನಿಗೇ ಮನಸೋಲುತ್ತಾಳೆ. ಈಗ ಇವನೇ ಮುಂದೆ ನಿಂತು ಅಪ್ಪ ಅಮ್ಮನನ್ನು ಕೂಡಿಸಬೇಕು, ಇಲ್ಲದಿದ್ದರೆ ತಾನೇ ಹುಟ್ಟುವುದಿಲ್ಲ. ಅಪ್ಪನ ಹೈಸ್ಕೂಲು ಕಾಲದ ವಾರ್ಷಿಕ ಸಂಚಿಕೆ ತಿರುವಿ ಹಾಕುತ್ತಿದ್ದ ಬಾಬ್ ಗೇಲ್‌ಗೆ, ನಾನೂ ಆಗ ಅಲ್ಲೇ ಓದುತ್ತಿದ್ದರೆ ಈ ಮನುಷ್ಯನ ಸ್ನೇಹ ಮಾಡುತ್ತಿದ್ದೆನೇ ಅನ್ನಿಸಿತಂತೆ. ಇಡೀ ಸಿನಿಮಾ ಹುಟ್ಟಿದ್ದು ಆ ಅನುಮಾನದಿಂದ.

ಅದೇ ಮೂವತ್ತು ವರ್ಷದ ಲೆಕ್ಕ ಹಿಡಿದರೆ ನಮ್ಮ ಹುಡುಗ 2025ರಿಂದ 1995ಕ್ಕೆ ಹೋಗಬೇಕು. ಕಾರು ಯಾವುದು? ಮೊದಮೊದಲಿನ ಒಂದು ಕರಡಿನಲ್ಲಿ ಕಾಲಯಂತ್ರವಾಗಿದ್ದದ್ದು ಫ್ರಿಜ್ಜು. ನೋಡಿದ ಮಕ್ಕಳು ಮನೆಯ ಫ್ರಿಜ್ಜಿನೊಳಗೆ ಹೊಕ್ಕಾರು ಅಂತ ಹೆದರಿ ಕೈಬಿಟ್ಟು, ಬಾಗಿಲು ಮೇಲಕ್ಕೆ ತೆರೆಯುವ ಡಿಲೋರಿಯನ್ ಕಾರು ಹಿಡಿದರು. ನಮ್ಮಲ್ಲಿ ಇದಕ್ಕೆ ಎರಡು ಮಾತಿಲ್ಲ: ಬಿಳೀ ಕಾಂಟೆಸ್ಸಾ. ಸಾವ್ಕಾರರ ಮನೆ ಮುಂದೆ ನಿಂತರೆ ಬೀದಿಗೇ ಒಂದು ಗತ್ತು ಬರುತ್ತಿತ್ತು. 2002ರಲ್ಲಿ ಅದರ ತಯಾರಿಕೆ ನಿಂತದ್ದೂ ಒಳ್ಳೆಯದೇ ಆಯಿತು. ಸತ್ತ ಕಾರಿಗೇ ಕಾಲಯಂತ್ರದ ಕಳೆ ಬರೋದು.

88 ಮೈಲಿ ಅಂದರೆ ಸುಮಾರು 142 ಕಿಲೋಮೀಟರ್. ಊರೊಳಗೆ ಆ ವೇಗದ ಮಾತೇ ಬೇಡ. ಅಶೋಕ ಟಾಕೀಸಿನ ರೈಲ್ವೆ ಗೇಟಿನ ಮುಂದೆ ಕಾದು ಕಾದು ಬೆಳೆದ ತಲೆಮಾರು ನಮ್ಮದು. ಕಾಲ ನಿಂತದ್ದನ್ನು ಕಣ್ಣಾರೆ ಕಂಡವರು. ಹಾಗಾಗಿ ಕಾರನ್ನು ಚಿತ್ರದುರ್ಗದ ಕಡೆ ಹೆದ್ದಾರಿಗೆ ತಿರುಗಿಸಬೇಕು. ಆನಗೋಡು ದಾಟಿ ಭರಮಸಾಗರದ ಹೊತ್ತಿಗೆ ಮುಳ್ಳು 142 ಮುಟ್ಟಿ, ಹುಡುಗ ಮಾಯ. ಪ್ರತ್ಯಕ್ಷವಾಗುವುದು 1995ರ ಎರಡೇ ಲೇನಿನ ಎನ್‌ಎಚ್-4ರಲ್ಲಿ. ಅಲ್ಲಿ ಯಾರೋ ರೈತ ಹೆಸರು ಗಿಡ ಕಿತ್ತು ತಂದು, ಲಾರಿ ಬಸ್ಸು ತುಳಿದು ಕಾಳು ಬಿಡಿಸಿಕೊಡಲಿ ಅಂತ ಟಾರಿನ ಮೇಲೆ ಹರವಿದ್ದಾನೆ. ಕಾಂಟೆಸ್ಸಾ ಅದರ ಮೇಲೆ ಸರ್ರನೆ ಜಾರಿ, ಪಕ್ಕದ ಬೇವಿನ ಮರಕ್ಕೆ ಗುದ್ದಿ, ಬಣವೆಯೊಳಗೆ ಹೋಗಿ ನಿಲ್ಲುತ್ತದೆ. ಮೂಲದಲ್ಲಿ ಮಾರ್ಟಿ ಎರಡು ಪೈನ್ ಮರಗಳಲ್ಲಿ ಒಂದನ್ನು ಉರುಳಿಸಿಬಿಡುತ್ತಾನೆ, ವಾಪಸ್ ಬಂದಾಗ ‘ಜೋಡಿ ಪೈನ್’ ಮಾಲ್ ಹೋಗಿ ‘ಒಂಟಿ ಪೈನ್’ ಮಾಲ್ ಆಗಿರುತ್ತದೆ. ನಮ್ಮಲ್ಲಿ ‘ಜೋಡಿ ಬೇವಿನಮರ’ ಅನ್ನೋ ಬಸ್ ಸ್ಟಾಪು ‘ಒಂಟಿ ಬೇವಿನಮರ’ ಆದರೆ ಸಾಕು. ಕಂಡಕ್ಟರ್ ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

ಬಂದಿಳಿಯುವ ದಿನವನ್ನು ಮಾತ್ರ ನಾನು ಯಾರ ಜೊತೆಗೂ ಚರ್ಚಿಸಲು ತಯಾರಿಲ್ಲ. 1995ರ ಸೆಪ್ಟೆಂಬರ್ 21. ದೇಶವೆಲ್ಲ ಗಣಪತಿಗೆ ಹಾಲು ಕುಡಿಸಿದ ದಿನ. ಕೈಯಲ್ಲಿ ಲೋಟ ಚಮಚ ಹಿಡಿದು ಜನ ಗುಡಿ ಮುಂದೆ ಸಾಲು ನಿಂತಿರುವಾಗ, ಮಂಡಿ ಹತ್ತಿರ ಬೇಕೆಂದೇ ಹರಿದ ಪ್ಯಾಂಟು ಹಾಕಿಕೊಂಡ ಹುಡುಗನೊಬ್ಬ ನಡೆದು ಹೋದರೆ ಯಾರು ತಿರುಗಿ ನೋಡುತ್ತಾರೆ? ‘ಪಾಪ, ಬಡವರ ಮಗ’ ಅಂತ ಒಂದು ಲೋಟ ಹಾಲು ಅವನಿಗೂ ಕೊಟ್ಟಾರು.

ಹಸಿವಾಗಿ ಬೆಣ್ಣೆ ದೋಸೆ ಹೋಟ್ಲಿಗೆ ಹೋಗುತ್ತಾನೆ. ಇಲ್ಲಿ ಸೆಟ್ ಹಾಕುವ ಖರ್ಚಿಲ್ಲ. ಅದೇ ಸೌದೆ ಒಲೆ, ಅದೇ ಕಪ್ಪು ಹೆಂಚು. ಹೆಂಚಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಒಮ್ಮೆ ಬಳಿದು, ಹಿಟ್ಟು ಹುಯ್ದು, ದೋಸೆ ಅಂಚು ಕೆಂಪಗಾಗುವ ಹೊತ್ತಿಗೆ ಬೆಣ್ಣೆ ಉಂಡೆಯನ್ನು ಕೈಯಲ್ಲೇ ಅದರ ಮೇಲೆ ಬಿಡುವ ಅದೇ ಧಾರಾಳ. ಬಿಳೀ ಚಟ್ನಿ, ಆಲೂಗಡ್ಡೆ ಪಲ್ಯ. ಹುಡುಗ ಮೂರು ನಿಮಿಷ ತಾನು ಯಾವ ಇಸವಿಯಲ್ಲಿದ್ದೇನೆ ಅನ್ನೋದನ್ನೇ ಮರೆಯುತ್ತಾನೆ. ಕೈ ತೊಳೆದು ಗಲ್ಲಾಪೆಟ್ಟಿಗೆ ಹತ್ತಿರ ಬಂದು ಕೇಳುತ್ತಾನೆ: ‘ಸ್ಕ್ಯಾನರ್ ಎಲ್ಲೈತ್ರಿ?’

‘ಸ್ಕ್ಯಾನಿಂಗಾ? ಅದು ಬಾಪೂಜಿ ಆಸ್ಪತ್ರೇಲಪ. ಯಾಕೆ, ಹೊಟ್ಟೆ ನೋವೇನು?’

ಗಾಬರಿಯಾಗಿ ಜೇಬಿಗೆ ಕೈ ಹಾಕಿ 200ರ ನೋಟು ತೆಗೆಯುತ್ತಾನೆ. ಅರಿಶಿನ ಬಣ್ಣದ್ದು. ಆ ನೋಟು ಹುಟ್ಟುವುದು 2017ಕ್ಕೆ. ಮಾಲೀಕರು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ‘ಯಾವ ಸರ್ಕಸ್ಸಿನ ಟಿಕೀಟಪ ಇದು?’ ಅಂತ ವಾಪಸ್ ಕೊಟ್ಟು, ದೋಸೆ ದುಡ್ಡು ಗಣಪತಿ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ನಮ್ಮ ಡಾಕ್ ಬ್ರೌನ್ 1951ರಲ್ಲಿ ಶುರುವಾದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಮೇಷ್ಟ್ರು. 2025ರಲ್ಲಿ ನಿವೃತ್ತರು, 1995ರಲ್ಲಿ ತಲೆ ತುಂಬ ಕೂದಲಿದ್ದ ಲೆಕ್ಚರರು. ಹುಡುಗ ಹುಡುಕಿಕೊಂಡು ಅವರ ಬಾಡಿಗೆ ಮನೆಗೆ ಹೋಗುತ್ತಾನೆ.

‘ಯಾವ ಜಿಲ್ಲೆಯಪ ನಿಮ್ದು?’

‘ಇದೇ ಸಾರ್, ದಾವಣಗೆರೆ ಜಿಲ್ಲೆ.’

‘ದಾವಣಗೆರೆ ತಾಲ್ಲೂಕು. ಜಿಲ್ಲೆ ಚಿತ್ರದುರ್ಗ. ಇಷ್ಟೂ ಗೊತ್ತಿಲ್ಲೇನು?’

‘97ರ ಆಗಸ್ಟ್ ಹದಿನೈದಕ್ಕೆ ಜಿಲ್ಲೆ ಆಗ್ತದೆ ಸಾರ್. ಜೆ.ಎಚ್. ಪಟೇಲರು ಮಾಡ್ತಾರೆ. ಆಗ ಅವರೇ ಚೀಫ್ ಮಿನಿಸ್ಟರು.’

‘ಹಂಗಾರೆ ದೇವೇಗೌಡ್ರು ಎಲ್ಲಿಗೆ ಹೋಗ್ತಾರೆ?’

‘ದಿಲ್ಲಿಗೆ ಸಾರ್. ಬರೋ ಜೂನಿಗೆ ಪ್ರಧಾನಮಂತ್ರಿ.’

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟುತ್ತಾರೆ. ‘ನಡಿ, ನಿನ್ನ ಮನೆಗೆ ಬಿಟ್ಟು ಬರ್ತೀನಿ. ಮನೇಲಿ ಹುಡುಕ್ತಿರ್ತಾರೆ.’

1955ರ ಡಾಕ್ ಬ್ರೌನ್, ಸಿನಿಮಾ ನಟ ರೊನಾಲ್ಡ್ ರೇಗನ್ ಅಮೆರಿಕದ ಅಧ್ಯಕ್ಷನಾಗುತ್ತಾನೆಂದು ಕೇಳಿ ನಕ್ಕಿದ್ದ. ಆ ನಗುವಿಗೆ ಇಷ್ಟು ಅಳತೆಗೆ ಕೂರುವ ಜೋಡಿ ನಮ್ಮ ಇತಿಹಾಸದಲ್ಲಿ ಸಿಕ್ಕಿದ್ದು ಪುಣ್ಯ.

ಇಲ್ಲಿಯ ತನಕ ಎಲ್ಲ ಸಲೀಸು. ಸಿನಿಮಾ ಸಿಕ್ಕಿಬೀಳುವ ಜಾಗ ಮುಂದೆ ಇದೆ. ಮಾರ್ಟಿ ಆ ಊರಲ್ಲಿ ಒಂದು ವಾರ ಓಡಾಡುತ್ತಾನೆ, ಅಮ್ಮನ ಮನೆಯಲ್ಲೇ ಕೂತು ಊಟ ಮಾಡುತ್ತಾನೆ, ಆದರೂ ಅವನ ಪೂರ್ವೋತ್ತರ ಯಾರೂ ಪಟ್ಟು ಹಿಡಿದು ಕೇಳುವುದಿಲ್ಲ. ದಾವಣಗೆರೆಯಲ್ಲಿ ಅದು ಐದು ನಿಮಿಷವೂ ನಡೆಯುವುದಿಲ್ಲ. ಜಗಲಿ ಮೇಲೆ ಕೂತ ಯಾರಾದರೂ ಅಜ್ಜಿ ಕರೆದೇ ಕರೆಯುತ್ತಾಳೆ. ‘ಯಾವೂರಪ್ಪಾ ನಿಂದು? ಯಾರ ಮಗ? ಯಾರ ಪೈಕಿ?’ ಅದರ ಮುಂದಿನ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಮನೆತನದ ಹೆಸರೇನು, ಯಾವ ಮಠಕ್ಕೆ ನಡಕೊಳ್ತೀರಿ, ಊರಲ್ಲಿ ಮನೆ ಯಾವ ಕೇರಿ ಅಂತ ಸುತ್ತಿ ಬಳಸಿ ಗೊತ್ತು ಮಾಡಿಕೊಳ್ಳುತ್ತಾರೆ. ಇದು ನಮ್ಮ ಅಂತಃಕರಣವೂ ಹೌದು, ನಮ್ಮ ಕೊಳಕೂ ಹೌದು. ಎರಡನ್ನೂ ಬಿಡಿಸಿ ಬೇರೆ ಬೇರೆ ಇಡೋದು ನನ್ನ ಕೈಲಂತೂ ಆಗಿಲ್ಲ.

ಹುಡುಗ ಸುಳ್ಳು ಹೇಳಲಿ ಅನ್ನುತ್ತೀರಾ? ಹುಬ್ಬಳ್ಳಿ ಅಂದರೆ, ‘ಹುಬ್ಬಳ್ಳಿಯಾಗ ಎಲ್ಲಿ? ನಮ್ಮ ಬೀಗರು ಅಲ್ಲೇ ಅದಾರಲ್ಲ.’ ಬೆಂಗಳೂರು ಅಂದರೆ ರಾಜಾಜಿನಗರದ ತಂಗಿ ಮಗನ ಹೆಸರು ಹೊರಗೆ ಬರುತ್ತದೆ. ಕೊನೆಗೆ ಅಜ್ಜಿ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಾಳೆ. ‘ಸುಳ್ಳು ಹೇಳಬ್ಯಾಡ. ಈ ಮೂಗು ನಮ್ಮ ಹರಿಹರದ ಬೀಗರ ಮನೇದು.’ ಡಾಕ್ ಬ್ರೌನ್ ಕಾರಿಗೆ ತುಂಬುತ್ತಿದ್ದ ಪ್ಲುಟೋನಿಯಂ ಇಲ್ಲದೆ, ಕಾರಿಲ್ಲದೆ, ಕೂತಲ್ಲೇ ಮೂರು ತಲೆಮಾರು ಹಿಂದೆ ಮುಂದೆ ಓಡಾಡುವ ಯಂತ್ರ ಅದು. ನಮ್ಮ ಚಿತ್ರಕಥೆಗಳೆಲ್ಲ ಒರಗಿದ್ದು ಈ ಅಜ್ಜಿಯ ಮುಂದೆ.

ಅಪ್ಪ ಅಮ್ಮನನ್ನು ಕೂಡಿಸುವುದೂ ಅಲ್ಲಿಯ ಹಾಗಲ್ಲ. ಅಲ್ಲಿ ಶಾಲೆಯ ಡ್ಯಾನ್ಸಿನಲ್ಲಿ ಒಂದು ಮುತ್ತು ಬಿದ್ದರೆ ಕೆಲಸ ಮುಗಿಯಿತು. ಇಲ್ಲಿ ಕಡಿಮೆಯೆಂದರೂ ಹದಿನಾಲ್ಕು ಜನ ಹೂಂ ಅನ್ನಬೇಕು. ಹುಡುಗ ಬಂದಿಳಿದದ್ದೇ ಪಿತೃಪಕ್ಷದಲ್ಲಿ, ಅಮಾವಾಸ್ಯೆ ಕಳೆಯುವ ತನಕ ಹೆಣ್ಣು ಗಂಡಿನ ಮಾತೆತ್ತುವ ಹಾಗಿಲ್ಲ. ಆಮೇಲೆ ಜಾತಕ, ಆಮೇಲೆ ಸೋದರಮಾವನ ಮುನಿಸು, ಆಮೇಲೆ ಯಾರೋ ಒಬ್ಬರು ಹೇಳಿದ ಚಾಡಿ. ಹೆಣ್ಣು ನೋಡುವ ದಿನ ಅಪ್ಪ ಬರಬೇಕಾದ ಬಸ್ಸು ಕೆಟ್ಟರೂ ಹುಡುಗನ ಒಂದು ಬೆರಳು ಮಾಯವಾಗುತ್ತದೆ. ಮೂಲದಲ್ಲಿ ಜೇಬಿನ ಫೋಟೋದಲ್ಲಿ ಅಣ್ಣ ಅಕ್ಕ ಒಬ್ಬೊಬ್ಬರಾಗಿ ಅಳಿಸಿಹೋಗುತ್ತಾರೆ. ನಮ್ಮವನ ಮೊಬೈಲಿನಲ್ಲಿ ಸಾವಿರಾರು ಫೋಟೋ. ಮಾಯವಾದದ್ದು ಯಾವುದೆಂದು ತಿಳಿಯುವ ಮೊದಲೇ ಚಾರ್ಜು ಮುಗಿದಿರುತ್ತದೆ.

ಅಮ್ಮ ಮಗನಿಗೆ ಮನಸೋಲುವ ಕಥೆ ಅಂತ ಡಿಸ್ನಿಯವರೇ ಆ ಸ್ಕ್ರಿಪ್ಟನ್ನು ವಾಪಸ್ ಮಾಡಿದ್ದರು. ದಾವಣಗೆರೆಯಲ್ಲಿ ಅದು ಬೇಕಾಗೂ ಇಲ್ಲ. ಇಲ್ಲಿ ಮನಸೋಲುವವರು ಅಮ್ಮನ ಅಪ್ಪ. ಹುಡುಗ ಕಂಡ ಕೂಡಲೇ ಕಾಲಿಗೆ ಬಿದ್ದು ‘ಅಜ್ಜಾ’ ಅಂದುಬಿಡುತ್ತಾನೆ. ಆಗಿನ್ನೂ ನಲವತ್ತೆಂಟರ ಆ ಮನುಷ್ಯ ಮೊದಲು ಉರಿದುಬಿದ್ದರೂ, ವಿನಯಕ್ಕೆ ಕರಗುತ್ತಾರೆ. ರಾತ್ರಿ ಹೆಂಡತಿ ಹತ್ತಿರ, ‘ಆ ಹರಿಹರದ ಹುಡುಗ ಬಾಯೇ ಬಿಡಂಗಿಲ್ಲ. ಈ ಹುಡುಗ ಯಾರದಾದರೂ ಆಗಲಿ, ಕೇಳಿ ನೋಡಣೇನು?’ ಅನ್ನುತ್ತಾರೆ. ತಂತಿ ಮೇಲೆ ಒಣಗಿದ ಅವನ ಒಳಚಡ್ಡಿಯ ಪಟ್ಟಿ ಓದಿ ಅವನ ಹೆಸರು ಜಾಕಪ್ಪ ಅಂತ ತೀರ್ಮಾನಿಸಿದ್ದೂ ಅವರೇ.

ಇನ್ನು ಅಪ್ಪ. ಮೂಲದ ಅಪ್ಪ, ಬಿಫ್ ಅನ್ನೋ ಪುಂಡನಿಗೆ ಒಂದು ಗುದ್ದು ಗುದ್ದಿ ಗಂಡಸಾಗುತ್ತಾನೆ. ನಮ್ಮ ಅಪ್ಪಂದಿರ ಸಂಕಟ ಅದಲ್ಲ. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಮಡಿಲಲ್ಲಿಟ್ಟುಕೊಂಡು, ಬಾಗಿಲ ಹಿಂದಿನ ಕಣ್ಣುಗಳೆಲ್ಲ ನೋಡುತ್ತಿರುವಾಗ, ಸ್ವಂತ ಅಪ್ಪನ ಮುಂದೆ ಬಾಯಿಬಿಟ್ಟು ‘ನನಗೆ ಒಪ್ಪಿಗೆ’ ಅನ್ನಬೇಕು. ಹತ್ತು ಬಿಫ್‌ಗಳನ್ನು ಹೊಡೆದು ಬಂದರೂ ಆ ಎರಡು ಮಾತು ಆಡುವುದು ಕಷ್ಟ. ಈ ಒಂದು ದೃಶ್ಯಕ್ಕಾಗಿ ನಾನು ಟಿಕೆಟ್ ಕೊಂಡು ನೋಡುತ್ತೇನೆ.

ನಡುವೆ ಬಾಯಿ ಹಾಕುವವರೂ ಇದ್ದಾರೆ. ಚಿತ್ರದುರ್ಗದ ಗೆಳೆಯನ ಕೈಗೆ ಕಾರು ಕೊಟ್ಟರೆ 1995ಕ್ಕೆ ನಿಲ್ಲಿಸುವವನಲ್ಲ, ನೇರ 1779ಕ್ಕೆ ಹೋಗಿ ಹೈದರಾಲಿಯಿಂದ ಮದಕರಿನಾಯಕನನ್ನು ಉಳಿಸಬೇಕು ಅವನಿಗೆ. ಸ್ವಲ್ಪ ಲೆಕ್ಕ ತಪ್ಪಿ ಇನ್ನೂ ಹಿಂದಕ್ಕೆ ಹೋಗಿ, ಕಿಂಡಿಯಲ್ಲಿ ತಲೆ ತೂರಿಸಿ ‘ಅಕ್ಕಾ, ನಾನು ನಮ್ಮವನೇ’ ಅನ್ನೋದರೊಳಗೆ ಓಬವ್ವನ ಒನಕೆ ಬಿದ್ದಿರುತ್ತದೆ. ಉಳಿದವರಿಗೆಲ್ಲ ಒಂದೇ ಆಸೆ: ವಿದ್ಯಾನಗರದಲ್ಲಿ ಆಗಿನ ರೇಟಿಗೆ ಒಂದು ಮೂವತ್ತು ನಲವತ್ತರ ಸೈಟು.

ವಾಪಸ್ ಬರಲು 1.21 ಗಿಗಾವ್ಯಾಟ್ ಬೇಕು, ಅಂದರೆ 1210 ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ಒಟ್ಟಿಗೆ ತಿರುಗಿದರೂ 1035. ಲೋಡ್ ಶೆಡ್ಡಿಂಗಿನ ಆ ಕಾಲದಲ್ಲಿ ಲೈನ್‌ಮನ್ ಹತ್ತಿರ ಹೋಗಿ ಇಷ್ಟು ಕೇಳಿದರೆ ಹೊಡೆದಾನು. ಮೂಲದ ಹಾಗೆ ಊರ ಗಡಿಯಾರಕ್ಕೆ ಹೊಡೆಯುವ ಸಿಡಿಲೇ ಗತಿ. ಹಳೇ ದಾವಣಗೆರೆಯಲ್ಲಿ ಗಡಿಯಾರ ಕಂಬ ಇದ್ದೇ ಇದೆ, ಸಿಡಿಲು ಹೊಡೆಯುವ ದಿನ ಗಂಟೆಯನ್ನು ಅಜ್ಜ ಪೆಟ್ಟಿಗೆಯಲ್ಲಿ ಕೂಡಿಟ್ಟ ಹಳೇ ‘ಜನತಾವಾಣಿ’ ಪೇಪರಿನಿಂದ ತಿಳಿದುಕೊಂಡರಾಯಿತು. ಹಿಂಗಾರಿನ ಆ ರಾತ್ರಿಯೇ ಕಾರ್ತಿಕದ ಮದುವೆ. ಊಟದ ಪಂಕ್ತಿಯಲ್ಲಿ ಗಬಗಬ ತಿಂದು, ಮೇಷ್ಟ್ರು ಎಳೆದ ತಂತಿ ಕಡೆಗೆ ಹುಡುಗ ಓಡಬೇಕು. ಹೊರಡುವ ಮುಂಚೆ ಬಾಗಿಲಲ್ಲಿ ಮುಯ್ಯಿ ಬರೆಯುವವರು ಹಿಡಿದು ನಿಲ್ಲಿಸುತ್ತಾರೆ. ಅಪ್ಪ ಅಮ್ಮನ ಮದುವೆಗೆ ಬರಿಗೈಲಿ ಬಂದ ಅನ್ನಿಸಿಕೊಳ್ಳೋದು ಹೇಗೆ? ಜೇಬಿನಲ್ಲಿದ್ದದ್ದು ಅದೊಂದೇ ನೋಟು.

ಮಾರ್ಟಿ ವಾಪಸ್ ಬಂದಾಗ ಅಪ್ಪ ದೊಡ್ಡ ಮನುಷ್ಯನಾಗಿರುತ್ತಾನೆ, ಮನೆ ಮುಂದೆ ಹೊಸ ಗಾಡಿ ನಿಂತಿರುತ್ತದೆ. ಅಪ್ಪ ಸುಧಾರಿಸಿದ ಅನ್ನೋದಕ್ಕೆ ಗಾಡಿಯ ಸಾಕ್ಷಿ ಯಾಕೆ ಬೇಕಿತ್ತೋ, ಆ ಕೊನೆ ನನಗೆ ಯಾವತ್ತೂ ರುಚಿಸಿಲ್ಲ. ನಮ್ಮ ಹುಡುಗ ಮನೆಗೆ ಬಂದಾಗ ಎಲ್ಲ ಇದ್ದ ಹಾಗೇ ಇದೆ. ಅಪ್ಪ ಅಮ್ಮ ಹಳೇ ಟ್ರಂಕು ತೆಗೆದು, ರಟ್ಟು ಕಿತ್ತ ಮುಯ್ಯಿ ಪುಸ್ತಕ ಹರವಿಕೊಂಡು, ನಾಳೆ ಯಾರದೋ ಮದುವೆಗೆ ಎಷ್ಟು ಓದಿಸಬೇಕು ಅಂತ ಲೆಕ್ಕ ನೋಡುತ್ತಿದ್ದಾರೆ. ಹಾಳೆ ತಿರುವುತ್ತಾ ಅಮ್ಮನ ಬೆರಳು ಒಂದು ಸಾಲಿನ ಹತ್ತಿರ ನಿಲ್ಲುತ್ತದೆ. ‘ಜಾಕಪ್ಪ. ಊರು ತಿಳಿಯದು. 200 (ನಡೆಯದ ನೋಟು).’

‘ನಿಮ್ಮ ಕಡೆಯವನೇ ಅವನು,’ ಅನ್ನುತ್ತಾಳೆ ಅಮ್ಮ. ‘ಅವತ್ತೇ ನಮ್ಮಪ್ಪ ಹೇಳಿದ್ರು.’

‘ನಮ್ಮ ಕಡೆ ಅಂಥ ಕಳ್ಳನ್ಮಕ್ಕಳು ಯಾರೂ ಇಲ್ಲ. ನಿಮ್ಮಪ್ಪನೇ ಅವನನ್ನ ಮನೇಲಿಟ್ಕೊಂಡು ಎರಡು ತಿಂಗಳು ಊಟ ಹಾಕಿದ್ದು. ನಿಮ್ಮ ಕಡೆಯವನೇ.’

‘ಮೂಗು ನೋಡಿದ್ರೇನು ನೀವು? ಥೇಟ್ ನಿಮ್ಮ ಮನೇದು.’