ಕತ್ತನ್ನು ಹಿಂಸಿಸುವ ಮುನ್ನ ಹೆಗಲನ್ನು ನೋಡಿ

ಇಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಗದ್ದ ಹಿಡಿದು ಕತ್ತನ್ನು ಲಟಕ್ಕನೆ ತಿರುಗಿಸಿಕೊಂಡು ‘ಈಗ ಹಾಯೆನಿಸಿತು’ ಎಂದದ್ದನ್ನು ಕಂಡಾಗಿನಿಂದ ನನಗೆ ಸಮಾಧಾನವಿಲ್ಲ. ಅರ್ಧ ಗಂಟೆಯೊಳಗೆ ಅವರ ಕೈ ಮತ್ತೆ ಅದೇ ಜಾಗವನ್ನು ಒತ್ತುತ್ತಿತ್ತು. ಕತ್ತುನೋವಿನಿಂದ ಮೂರು ವರ್ಷ ನಾನೂ ಪಾಡುಪಟ್ಟವನು. ಕತ್ತಿಗೆ ಮುಲಾಮು, ಕತ್ತಿಗೆ ಶಾಖ, ಕತ್ತಿಗೆ ಪಟ್ಟಿ, ಹೊಸ ದಿಂಬು, ಎಲ್ಲವೂ ಆಯಿತು. ಅಷ್ಟು ದಿನಗಳಲ್ಲಿ ಒಬ್ಬರಾದರೂ ನನ್ನ ಬೆನ್ನ ಹಿಂದೆ ನಿಂತು ಹೆಗಲೆಲುಬು ಹೇಗಿದೆಯೆಂದು ನೋಡಲಿಲ್ಲವೆಂಬ ಸಿಟ್ಟು ಇನ್ನೂ ಆರಿಲ್ಲ.

ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯಂತೆ ಕಾಣುವ ಚಪ್ಪಟೆ ತ್ರಿಕೋನ ಮೂಳೆಯೇ ಹೆಗಲೆಲುಬು. ಅದು ಪಕ್ಕೆಲುಬುಗಳಿಗೆ ಕೂಡಿಕೊಂಡಿಲ್ಲ; ಕೊರಳೆಲುಬಿನ ತುದಿಯ ಪುಟ್ಟ ಕೀಲೊಂದನ್ನು ಬಿಟ್ಟರೆ ಮುಂಡದೊಡನೆ ಅದನ್ನು ಹಿಡಿದಿಟ್ಟಿರುವುದು ಸ್ನಾಯುಗಳೇ. ಅವುಗಳಲ್ಲಿ ಲೆವೇಟರ್ ಸ್ಕ್ಯಾಪುಲೇ ಎಂಬುದು ಕತ್ತಿನ ಮೇಲಿನ 4 ಕಶೇರುಕಗಳಿಂದ, ಅಂದರೆ ಬೆನ್ನುಮೂಳೆಯ ಮಣಿಗಳಿಂದ, ಹೊರಟು ಹೆಗಲೆಲುಬಿನ ಒಳಬದಿಯ ಮೇಲ್ಮೂಲೆಯನ್ನು ಸೇರುತ್ತದೆ. ಹೆಗಲೆಲುಬು ಕೆಳಕ್ಕೆ ಜೋತುಬಿದ್ದರೆ ತೋಳಿನ ಭಾರ ಈ ಸ್ನಾಯುವಿನ ಮೂಲಕ ಕತ್ತನ್ನೇ ಜಗ್ಗುತ್ತದೆ. ಹೆಗಲನ್ನು ಸದಾ ಕಿವಿಯತ್ತ ಎತ್ತಿಕೊಂಡೇ ಇದ್ದರೆ ಇದೂ, ಕತ್ತಿನಿಂದ ಹೆಗಲಿಗೆ ಹರಡಿದ ಸ್ನಾಯುವಾದ ಟ್ರಪೀಜಿಯಸ್‌ನ ಮೇಲ್ಭಾಗವೂ ಬಿಡುವಿಲ್ಲದೆ ದುಡಿದು ಬಿಗಿಯುತ್ತವೆ. ನೋವು ಕತ್ತಿನಲ್ಲಿದ್ದರೂ ಎಳೆತ ಬೇರೆಡೆಯಿಂದ ಬರಬಹುದೆಂಬ ಇಷ್ಟು ಸರಳ ಸಂಗತಿ ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು!

ಹೆಗಲು ಏರುಪೇರಾಗಿದ್ದರೂ ನೋವೇ ಇಲ್ಲದವರು ಎಷ್ಟೋ ಮಂದಿ ಇದ್ದಾರಲ್ಲ ಎಂದು ಕೆಲವರು ಕೇಳುತ್ತಾರೆ. ಇದ್ದಾರೆ, ಒಪ್ಪುತ್ತೇನೆ, ಆದರೆ ನೋವಿಲ್ಲದವರ ಹೆಗಲನ್ನು ತೋರಿಸಿ, ನರಳುತ್ತಿರುವವರ ಹೆಗಲನ್ನು ಪರೀಕ್ಷಿಸದೆ ಬಿಡುವುದು ಯಾವ ನ್ಯಾಯ?

ಇದಕ್ಕಿಂತಲೂ ನನ್ನನ್ನು ಕೆರಳಿಸುವುದು ‘ಹೆಗಲನ್ನು ಹಿಂದಕ್ಕೂ ಕೆಳಕ್ಕೂ ಎಳೆದು ನೆಟ್ಟಗೆ ಕುಳಿತುಕೊಳ್ಳಿ’ ಎಂದು ಎಲ್ಲರಿಗೂ ಕೊಡುವ ಒಂದೇ ಉಪದೇಶ. ನನ್ನ ಹೆಗಲು ಮೊದಲೇ ಜೋತುಬಿದ್ದಿತ್ತು. ಅದನ್ನು ಇನ್ನಷ್ಟು ಕೆಳಗೆಳೆದ ತಿಂಗಳಲ್ಲೇ ನೋವು ವಿಪರೀತವಾಯಿತು. ಅದೇ ಉಪದೇಶವನ್ನು ನಾನು ತಂಗಿಗೂ ಕೊಟ್ಟಿದ್ದೆ, ಅವಳೂ ನರಳಿದಳು. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ. ಕೊನೆಗೆ ನನಗೆ ನೆರವಾದದ್ದು ಮುಂಗೈಗಳಿಗೆ ಆಸರೆ ಕೊಟ್ಟು ಕೂರುವುದು, ಗೋಡೆಗೆ ಮುಂಗೈ ಒತ್ತಿ ನಿಧಾನವಾಗಿ ಮೇಲಕ್ಕೆ ಜಾರಿಸುವ ವ್ಯಾಯಾಮ ಮತ್ತು ಹಲವು ವಾರಗಳ ತಾಳ್ಮೆ.

ನಾಳೆ ಆ ಸಹೋದ್ಯೋಗಿಯ ಹಿಂದೆ ನಿಂತು, ಅವರ ಮೊಣಕೈಗಳನ್ನು ಕೆಳಗಿನಿಂದ ತುಸು ಎತ್ತಿ ಹಿಡಿದು, ಕತ್ತು ತಿರುಗಿಸಿ ನೋಡಿ ಎನ್ನುವವನಿದ್ದೇನೆ. ಕತ್ತು ಇನ್ನಷ್ಟು ಸಲೀಸಾಗಿ ತಿರುಗಿ ನೋವು ತಗ್ಗಿದರೆ ಹೆಗಲಿನ ಪಾಲು ಅವರಿಗೇ ಅರಿವಾಗುತ್ತದೆ. ಕೈ ಜೋಮು ಹಿಡಿಯುವುದೋ ಬಲ ಕುಂದುವುದೋ ಇದ್ದರೆ ಮಾತ್ರ ನನ್ನ ಪರೀಕ್ಷೆಯನ್ನು ಬದಿಗಿಟ್ಟು ಅವರನ್ನು ನೇರವಾಗಿ ವೈದ್ಯರಲ್ಲಿಗೆ ಕರೆದೊಯ್ಯುತ್ತೇನೆ.